ಮಾರಿದ ಜೋಡಿ ನಳಿಗೆ

ಶಿವಾಜಿನಗರದಲ್ಲಿ ಸನಾವುಲ್ಲಾನ ಬಂದೂಕು ರಿಪೇರಿ ಅಂಗಡಿಯಿದೆ. ಒಳಗೆ ಗಿರಾಕಿಗಳು ಕೂರಲೆಂದು ಒಂದು ಬೆಂಚು ಹಾಕಿದ್ದಾನೆ. ಆ ಬೆಂಚಿನ ಮೇಲೆ ವಾರಕ್ಕೆ ಮೂರು ಸಲವಾದರೂ ಕಾಣಿಸುತ್ತಿದ್ದವನು ಹಲಸೂರಿನ ಮುನಿನಾರಾಯಣಪ್ಪ. ವಯಸ್ಸು ಎಪ್ಪತ್ತು, ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದು ನಿವೃತ್ತನಾದವನು. ಅವನ ಹತ್ತಿರ ಬಂದೂಕೂ ಇರಲಿಲ್ಲ, ಲೈಸೆನ್ಸೂ ಇರಲಿಲ್ಲ. ಇದ್ದದ್ದು ಮಾರಿದ ಬಂದೂಕಿನ ಕಥೆಯೊಂದೇ. ಬಂದೂಕು ಇದ್ದಾಗ ಅದಕ್ಕೆ ಎಷ್ಟು ಎಣ್ಣೆ ಸವರಿದ್ದನೋ ಗೊತ್ತಿಲ್ಲ, ಈ ಕಥೆಗಂತೂ ಒಂದು ದಿನವೂ ತುಕ್ಕು ಹಿಡಿಯಲು ಬಿಟ್ಟವನಲ್ಲ.

ಅಲ್ಲಿಗೆ ಬರುವ ಮುದುಕರೆಲ್ಲ ಅದೇ ಜಾತಿಯವರೆನ್ನಿ. ಒಬ್ಬ ತನ್ನ ತಾತನ ಗ್ರಾಮಾಫೋನನ್ನು ಗುಜರಿಗೆ ಹಾಕಿ ಕೊರಗುತ್ತಿದ್ದ. ಇನ್ನೊಬ್ಬ ಯಾವುದೋ ಕಾಲದಲ್ಲಿ ರಸೆಲ್ ಮಾರ್ಕೆಟ್ಟಿನ ಹತ್ತಿರ ಕೈಗೆ ಬಂದ ಜೇಬುಗಡಿಯಾರವನ್ನು "ನಾಳೆ ತಗೊಂಡ್ರಾಯ್ತು" ಎಂದು ಬಿಟ್ಟು ಬಂದಿದ್ದ. ಆ ನಾಳೆ ಬರುವ ಹೊತ್ತಿಗೆ ಗಡಿಯಾರ ಇನ್ನೊಬ್ಬನ ಜೇಬು ಸೇರಿತ್ತು. ಸತ್ತ ಎಮ್ಮೆ ಹತ್ತು ಸೇರು ಹಾಲು ಕೊಡುತ್ತಿತ್ತು ಅನ್ನುತ್ತಾರಲ್ಲ, ಅಲ್ಲಿ ಕೂತವರ ಕೊಟ್ಟಿಗೆಯಲ್ಲಿ ಬರೀ ಅಂಥ ಎಮ್ಮೆಗಳೇ. ಆದರೆ ಮುನಿನಾರಾಯಣಪ್ಪ ಬಾಯಿ ತೆರೆದರೆ ಗ್ರಾಮಾಫೋನೂ ಗಡಿಯಾರವೂ ಸುಮ್ಮನಾಗುತ್ತಿದ್ದವು.

ಅದು ಅವನ ಅಪ್ಪನ ಜೋಡಿ ನಳಿಗೆ ಬಂದೂಕು. ಕೆ.ಆರ್. ಪುರದ ಆಚೆ ಅಪ್ಪನಿಗೆ ಸೀಬೆ ಮತ್ತು ದ್ರಾಕ್ಷಿ ತೋಟವಿತ್ತು. ಸ್ವಾತಂತ್ರ್ಯ ಬಂದ ವರ್ಷ ಕಂಟೋನ್ಮೆಂಟಿನಿಂದ ಗಂಟುಮೂಟೆ ಕಟ್ಟಿದ ಇಂಗ್ಲಿಷ್ ಅಧಿಕಾರಿಯೊಬ್ಬ ತನಗೆ ಹಣ್ಣು ತಂದುಕೊಡುತ್ತಿದ್ದ ಈ ತೋಟಗಾರನಿಗೆ ಬಂದೂಕು ಕೊಟ್ಟು ಹೋದ. ಅಕ್ರೋಟ್ ಮರದ ಹಿಡಿ, ಪಕ್ಕದ ಉಕ್ಕಿನ ತಗಡಿನ ಮೇಲೆ ಕೂದಲೆಳೆಯಷ್ಟು ಸಣ್ಣಗೆ ಕೊರೆದ ಎರಡು ಕೌಜುಗ ಹಕ್ಕಿಗಳು. ಬೆಳೆ ಕಾಯಲೆಂದು ಲೈಸೆನ್ಸು ಬಂತು, ಅಪ್ಪ ಹೋದ ಮೇಲೆ ಮುನಿನಾರಾಯಣಪ್ಪನ ಹೆಸರಿಗೆ ಆಯಿತು. ಆಯುಧಪೂಜೆಯ ದಿನ ಕುಡುಗೋಲು, ಕತ್ತರಿ, ಸ್ಕೂಟರು ಎಲ್ಲಕ್ಕಿಂತ ಮುಂದೆ ಅದೇ ಕುಂಕುಮ ಇಟ್ಟುಕೊಂಡು ಮಲಗಿರುತ್ತಿತ್ತು.

ಎರಡು ಸಾವಿರದ ನಾಲ್ಕನೇ ಇಸವಿಯಲ್ಲಿ ಚುನಾವಣೆ ಬಂತು. ಚುನಾವಣೆ ಬಂದರೆ ಲೈಸೆನ್ಸಿನ ಬಂದೂಕುಗಳನ್ನೆಲ್ಲ ಪೊಲೀಸ್ ಸ್ಟೇಷನ್ನಿನಲ್ಲಿಟ್ಟು ರಸೀದಿ ಪಡೆಯಬೇಕು, ಮುಗಿದ ಮೇಲೆ ವಾಪಸ್ಸು ತರಬೇಕು. ಮುನಿನಾರಾಯಣಪ್ಪನಿಗೆ ಇದು ಅವಮಾನ. ನಾನೇನು ರೌಡಿಯಾ ಎಂದು ಅವನ ವಾದ. ಒಂದು ಬುಟ್ಟಿ ದ್ರಾಕ್ಷಿ ಹೊತ್ತುಕೊಂಡು ಸ್ಟೇಷನ್ನಿಗೆ ಹೋಗಿ, ನಮ್ಮದೊಂದನ್ನು ಬಿಟ್ಟುಬಿಡಿ ಎಂದು ಹಲ್ಲುಗಿಂಜಿದ. ಅಲ್ಲಿದ್ದ ಹೆಡ್ ಕಾನ್‌ಸ್ಟೆಬಲ್ ತಲೆ ಎತ್ತದೆ, "ಬಂದೂಕು ಇಡಿ, ದ್ರಾಕ್ಷಿ ತಗೊಂಡ್ಹೋಗಿ" ಎಂದ. ಆ ಹೆಸರೂ ನೆನಪಿಲ್ಲದ ಮನುಷ್ಯನಿಗೆ ಮುನಿನಾರಾಯಣಪ್ಪ ಇಪ್ಪತ್ತೊಂದು ವರ್ಷ ಶಾಪ ಹಾಕಿದ್ದಾನೆ.

ಚುನಾವಣೆ ಮುಗಿಯಿತು. ರಸೀದಿ ಹಿಡಿದು ಬಂದೂಕು ತರಲು ಹೊರಟಾಗ ಹೆಂಡತಿ ರಾಜೇಶ್ವರಿ ಬಾಗಿಲಿಗೆ ಅಡ್ಡ ನಿಂತಳು. ಜೋಯಿಸರು ಹೇಳಿದ್ದಾರೆ, ಜೀವ ತೆಗೆದ ಕಬ್ಬಿಣ ಮನೆಯಲ್ಲಿದ್ದರೆ ಮನೆಗೊಂದು ಸಾವು ತರುತ್ತದೆ, ಅದು ಈ ಹೊಸ್ತಿಲು ದಾಟಿ ಒಳಗೆ ಬಂದರೆ ನಾನು ಇದೇ ಹೊಸ್ತಿಲು ದಾಟಿ ಆಚೆ ಹೋಗುತ್ತೇನೆ ಎಂದಳು. ಮದುವೆಯಾದ ಇಪ್ಪತ್ತು ವರ್ಷದಲ್ಲಿ ಒಮ್ಮೆಯೂ ಎತ್ತರದ ದನಿಯಲ್ಲಿ ಮಾತಾಡದವಳು ಹಾಗೆ ನಿಂತದ್ದು ಕಂಡು ಅವನಿಗೆ ದಿಕ್ಕು ತೋಚಲಿಲ್ಲ. ಬಂದೂಕು ಸ್ಟೇಷನ್ನಿನಿಂದ ನೇರ ಸನಾವುಲ್ಲಾನ ಅಂಗಡಿಗೆ ಹೋಯಿತು. ಅಲ್ಲಿಂದ ಇಂದಿರಾನಗರದ ಡಾಕ್ಟರೊಬ್ಬರ ಮನೆ ಸೇರಿತು.

"ಹೆಂಡ್ತಿ ಮಾತು ಕೇಳಿ ಕೆಟ್ಟೆ ಸಾಬ್ರೇ," ಎಂದು ಪ್ರತಿ ಸಲವೂ ಕಥೆ ಮುಗಿಯುತ್ತಿತ್ತು. "ಯಾವನೋ ಜೋಯಿಸ, ಎರಡು ಕವಡೆ ಅಲ್ಲಾಡಿಸಿ ನಮ್ಮಪ್ಪನ ಬಂದೂಕು ತಿಂದ್ಹಾಕ್ದ."

ಇದನ್ನು ಅವನು ಅಂಗಡಿಯಲ್ಲಿ ಮಾತ್ರ ಹೇಳುತ್ತಿದ್ದನೆಂದುಕೊಳ್ಳಬೇಡಿ. ಮದುವೆಮನೆಯ ಪಂಕ್ತಿಯಲ್ಲಿ ಹೇಳಿದ, ನಾಮಕರಣದಲ್ಲಿ ಹೇಳಿದ, ಬೀಗರ ಮುಂದೆ ಹೇಳಿದ. ಎಲುಬಿಲ್ಲದ ನಾಲಿಗೆ ಎತ್ತ ಬೇಕಾದರೂ ಹೊರಳುತ್ತದೆ. ರಾಜೇಶ್ವರಿ ಅಲ್ಲೇ ಇದ್ದರೆ ಒಂದು ಮಾತೂ ಆಡದೆ ಎದ್ದು ಅಡುಗೆಮನೆಗೆ ಹೋಗುತ್ತಿದ್ದಳು. ಅಪರಾಧಿಗೆ ಮಾತೆಲ್ಲಿಂದ ಬರಬೇಕು ಎಂದು ಮುನಿನಾರಾಯಣಪ್ಪ ತಿಳಿದಿದ್ದ.

ಹೋದ ವರ್ಷ ಶ್ರಾವಣದಲ್ಲಿ ಒಂದು ದಿನ ಸನಾವುಲ್ಲಾನ ಫೋನು ಬಂತು.

"ನಾರಾಯಣಪ್ಪಾ, ಕೂತಿದ್ದೀರಾ, ನಿಂತಿದ್ದೀರಾ?"

"ಕೂತಿದ್ದೀನಿ ಸಾಬ್ರೇ, ಯಾಕೆ?"

"ಹಂಗಾದ್ರೆ ಎದ್ದು ಬನ್ನಿ. ನಿಮ್ಮ ಕೌಜುಗ ವಾಪಸ್ ಬಂದಿದೆ."

ಮುನಿನಾರಾಯಣಪ್ಪ ತನ್ನ ಚಪ್ಪಲಿ ಬದಲು ಹೆಂಡತಿಯ ಚಪ್ಪಲಿ ಮೆಟ್ಟಿಕೊಂಡು ಗೇಟಿನವರೆಗೆ ಹೋಗಿ, ವಾಪಸ್ಸು ಬಂದು ತನ್ನದು ಹಾಕಿಕೊಂಡು ಓಡಿದ. ಡಾಕ್ಟರು ತೀರಿಕೊಂಡಿದ್ದರು. ಮಕ್ಕಳಿಗೆ ಬಂದೂಕು ಬೇಡ, ಮಾರಿಕೊಡಿ ಎಂದು ಅಂಗಡಿಯಲ್ಲಿಟ್ಟು ಹೋಗಿದ್ದರು. ಸನಾವುಲ್ಲಾ ಮೇಜಿನ ಮೇಲೆ ಬಟ್ಟೆ ಹಾಸಿ ಅದನ್ನು ಮಲಗಿಸಿದ. ಡಾಕ್ಟರು ಚೆನ್ನಾಗಿಯೇ ನೋಡಿಕೊಂಡಿದ್ದರು, ಹಿಡಿಯ ಮರ ಇನ್ನೂ ಹೊಳೆಯುತ್ತಿತ್ತು. ಮುನಿನಾರಾಯಣಪ್ಪ ಆ ಎರಡು ಹಕ್ಕಿಗಳ ಮೇಲೆ ಬೆರಳಾಡಿಸಿ, ಯಾರಿದ್ದಾರೆ ಯಾರಿಲ್ಲ ಎಂದು ನೋಡದೆ ಅತ್ತುಬಿಟ್ಟ.

"ಅಳೋದು ಬಸ್ ಮಾಡಿ ಭಾಯ್," ಎಂದ ಸನಾವುಲ್ಲಾ. "ಲೈಸೆನ್ಸ್ ಮಾಡಿಸ್ಕೊಂಡ್ ಬನ್ನಿ. ಅಲ್ಲೀವರೆಗೂ ಇದನ್ನ ಬೇರೆ ಗಿರಾಕಿ ಕಣ್ಣಿಗೆ ಬೀಳ್ಸಲ್ಲ. ನನ್ನ ಜಬಾನ್."

ಎಪ್ಪತ್ತರ ಮುದುಕ ಅಲ್ಲಿಂದ ಮುಂದೆ ಓಡಾಡಿದ್ದು ನೋಡಬೇಕಿತ್ತು. ಸೈಬರ್ ಅಂಗಡಿಯಲ್ಲಿ ಅರ್ಜಿ ಹಾಕಿದ. ಕಣ್ಣು, ಕಿವಿ, ಎದೆ ತೋರಿಸಿ ಡಾಕ್ಟರ ಸರ್ಟಿಫಿಕೇಟು ತಂದ. ಬಂದೂಕು ಹಿಡಿಯುವ ತರಬೇತಿಯಲ್ಲಿ ಮೊಮ್ಮಕ್ಕಳ ವಯಸ್ಸಿನವರ ಜೊತೆ ನಿಂತು ಬಂದ. ಮನೆಯಲ್ಲಿ ಮಾತ್ರ ಪಿಟ್ಟೆನ್ನಲಿಲ್ಲ. ಕೈಗೆ ಬಂದ ಮೇಲೆ ಅವಳಿಗೆ ಹೇಳಿದರಾಯಿತು, ಈ ಸಲ ಜೋಯಿಸನಲ್ಲ, ಅವನ ಅಪ್ಪ ಬಂದರೂ ಬಿಡುವುದಿಲ್ಲ ಎಂದು ಮನಸ್ಸಿನಲ್ಲೇ ಹಲ್ಲು ಕಡಿಯುತ್ತಿದ್ದ. ಸಾಯುವುದರೊಳಗೆ ಅಪ್ಪನ ಬಂದೂಕು ಅಪ್ಪನ ಬೀರುವಿಗೆ ಬರಬೇಕು. ಅವನಿಗೆ ಬೇರೆ ಯಾವ ಆಸೆಯೂ ಉಳಿದಿರಲಿಲ್ಲ.

ಅರ್ಜಿ ಹಾಕಿದವನ ಮನೆಗೆ ಪೊಲೀಸರು ಬಂದು ವಿಚಾರಿಸುತ್ತಾರೆ ಎನ್ನುವುದು ಅವನಿಗೆ ಗೊತ್ತಿತ್ತು. ಭಾನುವಾರ ಬೆಳಿಗ್ಗೆ, ಎಲ್ಲರೂ ಮನೆಯಲ್ಲಿರುವ ಹೊತ್ತಿಗೇ ಬರುತ್ತಾರೆ ಎನ್ನುವುದು ಗೊತ್ತಿರಲಿಲ್ಲ. ಬಂದವನು ಕಾನ್‌ಸ್ಟೆಬಲ್ ಲಕ್ಷ್ಮಿಕಾಂತ, ಮಾತು ಮೆತ್ತಗಿನ ಹುಡುಗ. ನಡುಮನೆಯಲ್ಲಿ ಕೂತು ಫೈಲು ಬಿಚ್ಚಿ, ಎಲ್ಲರಿಗೂ ಕೇಳುವ ಹಾಗೆ, "ಗನ್ ಲೈಸೆನ್ಸ್ ಎನ್‌ಕ್ವೈರಿ ಸಾರ್," ಎಂದ. ಕಾಫಿ ತಂದ ರಾಜೇಶ್ವರಿ ಲೋಟ ಮೇಜಿನ ಮೇಲಿಟ್ಟು, ಒಳಗೆ ಹೋಗದೆ ಬಾಗಿಲಲ್ಲೇ ನಿಂತಳು.

ಹೆಸರು, ವಿಳಾಸ, ಕೇಸುಗೀಸು ಎಲ್ಲ ಆಯಿತು. ಕೊನೆಗೆ ಲಕ್ಷ್ಮಿಕಾಂತ, "ಮನೇಲಿ ಯಾರ್ದಾದ್ರೂ ಆಕ್ಷೇಪಣೆ ಇದ್ಯಾ ಸಾರ್? ಸುಮ್ನೆ ಫಾರ್ಮಾಲಿಟಿಗೆ," ಎಂದ.

"ಯಾರ್ದಿರುತ್ತಪ್ಪ, ಬರ್ಕೊಳ್ಳಿ ಇಲ್ಲ ಅಂತ," ಎಂದು ಮುನಿನಾರಾಯಣಪ್ಪ ಹೆಂಡತಿಯನ್ನು ದುರುಗುಟ್ಟಿ ನೋಡಿದ.

"ನಂದಿದೆ ಸಾರ್. ಬರ್ಕೊಳ್ಳಿ."

ಮಾತಾಡಿದವಳು ರಾಜೇಶ್ವರಿಯಲ್ಲ. ಮೆಟ್ಟಿಲಿಳಿದು ಬರುತ್ತಿದ್ದ ತಮ್ಮ ಮುನೀಂದ್ರ. ಅಣ್ಣನಿಗಿಂತ ಹದಿನೆಂಟು ವರ್ಷ ಚಿಕ್ಕವನು, ಹೆಂಡತಿ ಸುಜಾತಾ ಮತ್ತು ಮಗಳ ಜೊತೆ ಮೇಲಿನ ಮನೆಯಲ್ಲಿರುವವನು, ಲಿಂಗರಾಜಪುರದಲ್ಲಿ ಗಾಡಿಗಳ ಎಲೆಕ್ಟ್ರಿಕ್ ಕೆಲಸದ ಅಂಗಡಿ ಇಟ್ಟುಕೊಂಡವನು. ಅಣ್ಣನ ಮಾತಿಗೆ ಜನ್ಮದಲ್ಲಿ ಎದುರಾಡದವನು.

ಮುನಿನಾರಾಯಣಪ್ಪನಿಗೆ ನೆತ್ತಿಗೇರಿತು. "ಏನಂದೆ? ನಿನ್ನ ಎತ್ತಿ ಆಡ್ಸಿದ್ದು ನಾನು ಕಣೋ. ನಿನ್ನ ಮದುವೆ ಮಾಡಿದ್ದು ನಾನು. ಇವಳಾಯ್ತು, ಈಗ ನಿಂಗೂ ಆ ಜೋಯಿಸನ ಗಾಳಿ ಬಡೀತಾ?"

"ಮುನೀಂದ್ರಾ, ಬೇಡ," ಎಂದಳು ರಾಜೇಶ್ವರಿ. "ನೀನು ಮೇಲೆ ಹೋಗು. ನಾನು ನೋಡ್ಕೋತೀನಿ."

"ಸಾಕು ಅತ್ತಿಗೆ. ಇಷ್ಟು ವರ್ಷ ನೀವು ನೋಡ್ಕೊಂಡಿದ್ದು ಸಾಕು." ಮುನೀಂದ್ರ ಕಾನ್‌ಸ್ಟೆಬಲ್ ಕಡೆ ತಿರುಗಿ, "ಸಾರ್, ಹತ್ತು ನಿಮಿಷ ಕೂತ್ಕೊಳ್ಳಿ, ಕಾಫಿ ಕುಡೀರಿ," ಎಂದು ಹೇಳಿ ಅಣ್ಣನ ರಟ್ಟೆ ಹಿಡಿದು ಮಹಡಿಯ ಮೇಲಕ್ಕೆ ಕರೆದುಕೊಂಡು ಹೋದ.

ಅಲ್ಲಿ ನೀರಿನ ಟ್ಯಾಂಕಿನ ಪಕ್ಕ ಸುಜಾತಾ ಹರವಿದ್ದ ಬಟ್ಟೆಗಳು. ಮುನೀಂದ್ರ ಎರಡು ಸೀರೆಗಳ ನಡುವೆ ನಿಂತು, ಅಣ್ಣನ ಮುಖ ನೋಡದೆ ಮಾತು ಶುರು ಮಾಡಿದ.

"ಅಮ್ಮ ತೀರ್ಕೊಂಡ ವರ್ಷ ನಾನು ರೂಮಿಂದಾಚೆ ಬರ್ತಿರ್ಲಿಲ್ಲ, ನೆನಪಿದ್ಯಾ?"

"ಇದೆ. ಸೋಮಾರಿ ಬಿದ್ದಿದ್ದೆ. ನಾನು ಬೈತಿದ್ದೆ."

"ಸೋಮಾರಿತನ ಅಲ್ಲ ಅಣ್ಣಾ. ಯಾವ್ದೂ ಬೇಡ ಅನ್ಸಿಬಿಟ್ಟಿತ್ತು. ಊಟ, ಜನ, ಬೆಳಕು, ಯಾವ್ದೂ. ಯಾಕೆ ಅಂತ ಕೇಳ್ಬೇಡ, ಇವತ್ತಿಗೂ ನಂಗೊತ್ತಿಲ್ಲ. ಒಂದಿನ ಮಧ್ಯಾಹ್ನ ನೀನು ಡ್ಯೂಟಿಗೆ ಹೋಗಿದ್ದೆ. ನಾನು ಹೋಗಿ ಅಪ್ಪನ ಬೀರು ತೆಗೆದೆ."

ಮುನಿನಾರಾಯಣಪ್ಪ ಅಡ್ಡವಿದ್ದ ಸೀರೆ ಸರಿಸಿ ತಮ್ಮನ ಮುಖ ನೋಡಿದ.

"ಖಾಲಿ ಇತ್ತು," ಎಂದ ಮುನೀಂದ್ರ. "ನೀನು ಸ್ಟೇಷನ್‌ಗೆ ಕೊಟ್ಟು ಮೂರು ದಿನ ಆಗಿತ್ತಂತೆ. ನಂಗೆ ಎಲೆಕ್ಷನ್ ಬಂದಿರೋದೇ ಗೊತ್ತಿರ್ಲಿಲ್ಲ. ರೂಮಲ್ಲಿ ಬಾಗ್ಲಾಕ್ಕೊಂಡು ಕೂತೋನಿಗೆ ಯಾವ ಎಲೆಕ್ಷನ್? ಖಾಲಿ ಬೀರು ಮುಂದೆ ಹಂಗೇ ನಿಂತಿದ್ದೆ. ಹಿಂದೆ ತಿರುಗಿದ್ರೆ ಅತ್ತಿಗೆ."

ರಾಜೇಶ್ವರಿ ಏನೂ ಕೇಳಲಿಲ್ಲವಂತೆ. ಕೂಗಾಡಲಿಲ್ಲ, ಅಳಲಿಲ್ಲ. ಕೈ ಹಿಡಿದು ಅಡುಗೆಮನೆಗೆ ಕರೆದುಕೊಂಡು ಹೋಗಿ, ಮುಂದೆ ಒಂದು ಮೊರ ಬೆಳ್ಳುಳ್ಳಿ ಇಟ್ಟು, ಬಿಡಿಸಿಕೊಡು ಎಂದಳಂತೆ. ಸಾಯಂಕಾಲದವರೆಗೆ ಅವನು ಬಿಡಿಸುತ್ತಾ ಕೂತಿದ್ದ, ಅವಳು ಎದುರು ಕೂತು ಬಾಯಿಗೆ ಬಂದದ್ದು ಮಾತಾಡುತ್ತಿದ್ದಳು. ಮನೆಗೆ ಅಷ್ಟು ಬೆಳ್ಳುಳ್ಳಿ ಆರು ತಿಂಗಳಿಗೂ ಬೇಕಾಗಿರಲಿಲ್ಲ.

"ಆಮೇಲೆ ಪ್ರತಿ ಮಂಗಳವಾರ ನನ್ನ ಕರ್ಕೊಂಡು ನಿಂಬೆಹಣ್ಣಿನ ದೀಪ ಹಚ್ಚಕ್ಕೆ ಹೋಗ್ತಿದ್ರಲ್ಲ, ರಾಹುಕಾಲದ ಪೂಜೆ ಅಂತ ನೀನು ನಗ್ತಿದ್ದೆಯಲ್ಲ. ದೀಪನೂ ಇಲ್ಲ, ಗೀಪನೂ ಇಲ್ಲ. ದೊಡ್ಡಾಸ್ಪತ್ರೇಲಿ ಮನಸ್ಸಿನ ಡಾಕ್ಟ್ರ ಓಪಿಡಿ. ಎರಡು ವರ್ಷ ಅಣ್ಣಾ. ಕ್ಯೂನಲ್ಲಿ ನನ್ನ ಪಕ್ಕ ಅತ್ತಿಗೆ ಕೂತಿರ್ತಿದ್ರು."

"ಜೋಯಿಸ?"

"ಯಾವ ಜೋಯಿಸನೂ ಇಲ್ಲ. ಬಂದೂಕು ವಾಪಸ್ ತರ್ಬೇಡಿ ಅನ್ನಕ್ಕೆ ಅವರ ಹತ್ರ ಬೇರೆ ಕಾರಣ ಇರ್ಲಿಲ್ಲ. ನಿಜ ಹೇಳ್ಬಾರ್ದು ಅಂತ ನಾನೇ ಆಣೆ ಹಾಕ್ಸಿದ್ದೆ. ಸುಜಾತಾಗೂ ಮದುವೆಗೆ ಮುಂಚೆನೇ ಹೇಳಿದ್ದೆ. ನಿಂಗೊಬ್ನಿಗೇ ಹೇಳಕ್ಕಾಗ್ಲಿಲ್ಲ. ಈಗ ನಾನು ಚೆನ್ನಾಗಿದೀನಿ, ಭಯ ಏನಿಲ್ಲ. ಆದ್ರೆ ಮನೇಲಿ ಅದು ಬೇಡ ಅಣ್ಣಾ. ಮಕ್ಳಿರೋ ಮನೆ. ಯಾರಿಗೆ ಯಾವ ಮಧ್ಯಾಹ್ನ ಹೆಂಗಿರುತ್ತೋ."

ಮುನಿನಾರಾಯಣಪ್ಪ ಟ್ಯಾಂಕಿನ ಕಟ್ಟೆಯ ಮೇಲೆ ಕೂತ. ಆ ಹೆಡ್ ಕಾನ್‌ಸ್ಟೆಬಲ್ ದ್ರಾಕ್ಷಿ ಬುಟ್ಟಿ ಇಟ್ಟುಕೊಂಡಿದ್ದರೆ? ಒಬ್ಬ, ಒಬ್ಬನೇ ಒಬ್ಬ ಮನುಷ್ಯ ಅವತ್ತು ಲಂಚಕ್ಕೆ ಕೈ ಚಾಚಿದ್ದರೆ? ಬೀರುವಿನಲ್ಲಿ ಅಪ್ಪನ ಬಂದೂಕು ಇರುತ್ತಿತ್ತು. ಅದನ್ನು ಅಲ್ಲೇ ಉಳಿಸಿಕೊಳ್ಳಲು ಹಲ್ಲುಗಿಂಜಿದ್ದು ತಾನೇ. ತನ್ನ ಆಸೆ ಅವತ್ತು ಈಡೇರದಂತೆ ನೋಡಿಕೊಂಡ ಎಲ್ಲರಿಗೂ, ಹೆಸರು ಗೊತ್ತಿರುವವರಿಗೂ ಗೊತ್ತಿಲ್ಲದವರಿಗೂ, ಅವನು ಕೂತಲ್ಲೇ ಕೈ ಮುಗಿದ. ಆಮೇಲೆ ಎದ್ದು, ಐವತ್ತೆರಡು ವರ್ಷದ ತಮ್ಮನ ತಲೆ, ಕೆನ್ನೆ, ಭುಜ ಎಲ್ಲ ಮುಟ್ಟಿ ಮುಟ್ಟಿ ನೋಡಿದ.

"ಇದ್ದೀಯಲ್ಲೋ," ಎಂದ. "ಇದ್ದೀಯಲ್ಲೋ ಮುನೀ."

"ಇದ್ದೀನಿ ಅಣ್ಣಾ."

ಕೆಳಗೆ ಲಕ್ಷ್ಮಿಕಾಂತ ಎರಡನೇ ಕಾಫಿ ಮುಗಿಸಿದ್ದ. "ಏನ್ ಬರೀಲಿ ಸಾರ್?" ಎಂದ.

"ಅರ್ಜಿ ವಾಪಸ್ ತಗೋತೀನಿ ಅಂತ ಬರೀರಿ."

"ಕಾರಣ ಸಾರ್?"

"ಮನೆ ತುಂಬ ಜನ ಇದ್ದಾರೆ. ಬಂದೂಕಿಗೆ ಜಾಗ ಇಲ್ಲ ಅಂತ ಬರೀರಿ."

ಲಕ್ಷ್ಮಿಕಾಂತ ಆ ಉದ್ದನೆಯ ನಡುಮನೆಯನ್ನು ಒಮ್ಮೆ ನೋಡಿ, ಅಣ್ಣತಮ್ಮಂದಿರ ಕೆಂಪಗಾದ ಕಣ್ಣುಗಳನ್ನು ನೋಡಿ, 'ಸ್ವಂತ ಇಚ್ಛೆಯಿಂದ' ಎಂದು ಬರೆದು ಸಹಿ ಹಾಕಿಸಿಕೊಂಡು ಹೋದ.

ರಾಜೇಶ್ವರಿ ಅಡುಗೆಮನೆಯಲ್ಲಿ ಹುರುಳಿಕಾಯಿ ಹೆಚ್ಚುತ್ತಿದ್ದಳು. ಮುನಿನಾರಾಯಣಪ್ಪ ಬಾಗಿಲಲ್ಲಿ ನಿಂತ. ನಲವತ್ತು ವರ್ಷ ಸಂಸಾರ ಮಾಡಿ, ಹೆಂಡತಿಗೆ ಹೇಳಬೇಕಾದ ಈ ಒಂದು ಮಾತಿಗೆ ಅವನಲ್ಲಿ ಅಭ್ಯಾಸವೇ ಇರಲಿಲ್ಲ.

"ಅವನು ಆಣೆ ಹಾಕ್ಸಿದ, ಸರಿ. ನಾನು ಊರೆಲ್ಲ ನಿನ್ನ ಆಡ್ಕೊಂಡು ತಿರುಗ್ತಿದ್ನಲ್ಲೇ. ಒಂದ್ಸಲನಾದ್ರೂ ಬಾಯಿಬಿಡ್ಬಾರ್ದಾ?"

"ಬಿಟ್ಟಿದ್ರೆ ಅವತ್ತಿಂದ ನೀವು ಅವನನ್ನ ತಮ್ಮ ಅಂತ ನೋಡ್ತಿರ್ಲಿಲ್ಲ. ಕಳ್ಳನ್ನ ಕಾಯ್ದಂಗೆ ಕಾಯ್ತಿದ್ರಿ. ಬೈಯೋದು ನಿಲ್ಸಿ ಕನಿಕರ ಶುರು ಮಾಡ್ತಿದ್ರಿ. ಅವನಿಗೆ ಅದು ಬೇಕಾಗಿರ್ಲಿಲ್ಲ." ಅವಳು ಚಾಕು ಕೆಳಗಿಟ್ಟಳು. "ಅಲ್ಲದೆ ನಿಮ್ಮ ಹೊಟ್ಟೇಲಿ ಮಾತು ನಿಲ್ಲುತ್ತೇನ್ರೀ? ಸಾಯಂಕಾಲದೊಳಗೆ ಶಿವಾಜಿನಗರಕ್ಕೆಲ್ಲ ಗೊತ್ತಾಗಿರೋದು."

ಮುನಿನಾರಾಯಣಪ್ಪ ಒಳಗೆ ಬಂದು ಅವಳ ಪಕ್ಕ ನಿಂತ. "ನನ್ನ ತಮ್ಮನ್ನ ಉಳಿಸ್ಕೊಟ್ಟೆ ಕಣೇ," ಎಂದ. "ನನ್ನ ಮನೆ ಉಳಿಸ್ಕೊಟ್ಟೆ. ನಾನು ನಿಂಗೆ ಕೊಟ್ಟಿದ್ದು ಬರೀ ಬೈಗುಳ." ರಾಜೇಶ್ವರಿ ಉಳಿದ ಹುರುಳಿಕಾಯಿಯನ್ನು ಅವನ ಕಡೆ ತಳ್ಳಿ, ನಾರು ಬಿಡಿಸಿಕೊಡಿ ಎಂದಳು.

ಮಾರನೆಯ ದಿನ ಸನಾವುಲ್ಲಾನಿಗೆ ಬಂದೂಕು ಬೇಡವೆಂದು ಹೇಳಿಬರಬೇಕಿತ್ತು. ಫೋನಿನಲ್ಲಿ ಹೇಳಬಹುದಿತ್ತು. ಆದರೆ ಸನಾವುಲ್ಲಾ ಕೊಟ್ಟ ಮಾತಿನಂತೆ ತಿಂಗಳುಗಟ್ಟಲೆ ಕಾದಿದ್ದಾನೆ, ಮುಖಕ್ಕೆ ಮುಖ ಕೊಟ್ಟು ಹೇಳುವುದು ಮರ್ಯಾದೆ. ನೀನೂ ಬಾ ಎಂದು ರಾಜೇಶ್ವರಿಯನ್ನು ಕರೆದ. ಅವಳು ಆ ಅಂಗಡಿಯ ಮೆಟ್ಟಿಲು ಹತ್ತಿದ್ದು ಅದೇ ಮೊದಲು.

ಗ್ರಾಮಾಫೋನಿನವನೂ ಗಡಿಯಾರದವನೂ ಅಲ್ಲೇ ಇದ್ದರು. ವಿಷಯ ಕೇಳಿ ಸನಾವುಲ್ಲಾ ತಲೆ ಮೇಲೆ ಕೈ ಹೊತ್ತ. "ಅರೆ, ಇಷ್ಟೆಲ್ಲಾ ಓಡಾಡಿ ಈಗ ಬೇಡ ಅಂತೀರಾ? ಏನ್ ಬೆಹನ್‌ಜಿ, ಮತ್ತೆ ಜೋಯಿಸರ ಹತ್ರ ಹೋಗಿದ್ರಾ?" ಎಂದು ನಕ್ಕ. ಕೆಟ್ಟ ಮನಸ್ಸಿನಿಂದಲ್ಲ. ಬೇರೆಯವರೂ ನಕ್ಕರು. ರಾಜೇಶ್ವರಿ ಸೆರಗು ಸರಿಮಾಡಿಕೊಂಡು ನೆಲ ನೋಡಿದಳು. ಅಡುಗೆಮನೆಗೆ ಎದ್ದುಹೋಗುವ ಮುನ್ನ ಅವಳ ಮುಖ ಹೇಗಿರುತ್ತಿತ್ತು ಎನ್ನುವುದನ್ನು ಮುನಿನಾರಾಯಣಪ್ಪ ಅವತ್ತು ಮೊದಲ ಬಾರಿಗೆ ಕಂಡ. ಈ ನಗುವನ್ನು ಅವಳ ಮೇಲಿಂದ ಇಳಿಸಬೇಕು. ನಿಜ ಹೇಳಿದರೆ ಇಳಿಯುತ್ತದೆ, ಆದರೆ ಅದು ತಮ್ಮನ ನಿಜ, ತಾನು ಹಂಚುವಂಥದ್ದಲ್ಲ. ಬಾಯಿ ಬಿಗಿಹಿಡಿಯುವುದು ಎಂಥ ಕೆಲಸವೆಂದು ಅವನಿಗೆ ಆ ಒಂದು ಗಳಿಗೆಯಲ್ಲೇ ತಿಳಿಯಿತು. ಅವಳು ಅದನ್ನು ಇಪ್ಪತ್ತೊಂದು ವರ್ಷ ಮಾಡಿದ್ದಳು.

"ಜೋಯಿಸರ ಹತ್ರ ಹೋಗಿದ್ದು ಇವಳಲ್ಲ ಸಾಬ್ರೇ," ಎಂದ. "ನಾನು."

ನಗು ನಿಂತಿತು.

"ಆಗ್ಲೂ ನಾನೇ, ಈಗ್ಲೂ ನಾನೇ. ಆ ಮಾತು ಕೇಳಿ ಹೆದ್ರಿ ನಡುಗಿಹೋಗಿದ್ದೆ. ಗಂಡಸಾಗಿ ಹೆಂಗೆ ಹೇಳ್ಕೊಳ್ಳೋದು? ಅದಕ್ಕೇ ಇವಳ ತಲೆಗೆ ಕಟ್ಟಿದ್ದೆ. ಬಂದೂಕು ಮಾರಿದ್ದು ನನ್ನ ಪುಕ್ಕಲುತನ."

"ಯಾ ಅಲ್ಲಾ! ಇಷ್ಟು ವರ್ಷ ಹೆಂಡ್ತಿ ಸೆರಗಿನ ಹಿಂದೆ ಕೂತಿದ್ರಾ?" ಎಂದ ಸನಾವುಲ್ಲಾ. ಗಡಿಯಾರದವನು ತೊಡೆ ತಟ್ಟಿಕೊಂಡು ನಕ್ಕ. ಗ್ರಾಮಾಫೋನಿನವನಿಗೆ ಕೆಮ್ಮು ಬಂತು. ಆ ನಗುವನ್ನೆಲ್ಲ ಮುನಿನಾರಾಯಣಪ್ಪ ತಲೆಬಾಗಿ ಪ್ರಸಾದದಂತೆ ತೆಗೆದುಕೊಂಡ.

ಸನಾವುಲ್ಲಾ ರಾಜೇಶ್ವರಿಯ ಕಡೆ ತಿರುಗಿ ಕೈ ಮುಗಿದ. "ಮಾಫ್ ಮಾಡಮ್ಮಾ ತಂಗೀ. ನಾವೆಲ್ಲಾ ನಿನ್ನ ಮೇಲೆ ನಗ್ತಿದ್ವಿ."

ಮೇಜಿನ ಮೇಲೆ ಬಂದೂಕು ಮಲಗಿತ್ತು. ಅದನ್ನು ನೋಡಿ ಮುನಿನಾರಾಯಣಪ್ಪನಿಗೆ ಆಸೆಯಾಗಲಿಲ್ಲ ಎಂದರೆ ಸುಳ್ಳಾದೀತು. ಅಷ್ಟು ಚೆಂದದ ವಸ್ತು ಅವನ ಮನೆಗೆ ಇನ್ನು ಬರುವುದಿಲ್ಲ. "ಯಾರಿಗಾದ್ರೂ ಕೊಡಿ ಸಾಬ್ರೇ," ಎಂದ. "ಕೊಡೋ ಮುಂಚೆ ಒಂದ್ಮಾತು ಕೇಳಿ, ಮನೇಲಿ ಯಾರ್ಯಾರಿದ್ದಾರೆ, ಎಲ್ರೂ ಹೆಂಗಿದ್ದಾರೆ ಅಂತ."

ರಾಜೇಶ್ವರಿ ಗಂಡನನ್ನೇ ನೋಡುತ್ತಿದ್ದಳು. ಅವಳ ಕಣ್ಣು ತುಂಬಿತ್ತು, ತುಟಿಯ ಮೂಲೆಯಲ್ಲಿ ಮಾತ್ರ ಏನೋ ಒಂದು ಕಿಲಾಡಿತನ ಅಲುಗುತ್ತಿತ್ತು.

"ಏನ್ ಹೇಳ್ಲಿ ಅಣ್ಣಾ," ಎಂದಳು ಸನಾವುಲ್ಲಾನಿಗೆ. "ಮನೇಲಿ ನಿಂಬೆಹಣ್ಣು ಕೊಯ್ದಿಟ್ರೂ ಹೆದ್ರುತ್ತಾರೆ ಇವರು. ಉಪ್ಪಿನಕಾಯಿ ಹಾಕೋದೇ ಬಿಟ್ಬಿಟ್ಟಿದ್ದೀನಿ."

ಅಂಗಡಿಯವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಎಲ್ಲರಿಗಿಂತ ಜೋರಾಗಿ, ಕಣ್ಣೊರೆಸಿಕೊಳ್ಳುತ್ತಾ ನಕ್ಕವಳು ರಾಜೇಶ್ವರಿ. ಅವಳ ಆ ನಗು ನಿಲ್ಲುವವರೆಗೂ ಮುನಿನಾರಾಯಣಪ್ಪ ಕೇಳುತ್ತಾ ನಿಂತಿದ್ದ.